ಮಣ್ಣು ಬಲ್ಲವರು ಕಟ್ಟಿದ ಟ್ಯಾಂಕ್

ಜಗತ್ತಿನ ಮೊದಲ ಟ್ಯಾಂಕ್ ಹುಟ್ಟಿದ್ದು ಫಿರಂಗಿ ಕಾರ್ಖಾನೆಯಲ್ಲಲ್ಲ. ಇಂಗ್ಲೆಂಡಿನ ಪೂರ್ವಭಾಗದ ಲಿಂಕನ್ ಪಟ್ಟಣದಲ್ಲಿ ‘ವಿಲಿಯಂ ಫಾಸ್ಟರ್ ಅಂಡ್ ಕಂಪನಿ’ ಎಂಬ ಕಾರ್ಖಾನೆಯಿತ್ತು. ಸುಮಾರು ಅರವತ್ತು ವರ್ಷಗಳಿಂದ ಅದು ರೈತರಿಗೆ ಒಕ್ಕಣೆ ಯಂತ್ರಗಳನ್ನೂ ಹಬೆ ಎಂಜಿನ್‌ಗಳನ್ನೂ ಮಾಡಿಕೊಡುತ್ತಿತ್ತು. 1915ರ ಬೇಸಿಗೆಯಲ್ಲಿ ಆ ಕಾರ್ಖಾನೆಯವರು ಉಕ್ಕಿನ ಪೆಟ್ಟಿಗೆಯೊಂದನ್ನು ಕಟ್ಟತೊಡಗಿದರು. ಮರುವರ್ಷ, ಮೊದಲ ಮಹಾಯುದ್ಧದಲ್ಲಿ, ಅದರ ಮುಂದಿನ ರೂಪ ಫ್ರಾನ್ಸಿನ ಕಂದಕಗಳನ್ನು ದಾಟಿತು.

ಕಾಳು ಬಿಡಿಸುವ ಯಂತ್ರ ಮಾಡುವವರಿಗೆ ಯುದ್ಧದ ಕೆಲಸ ಹೇಗೆ ಬಂತು ಎಂದು ಯಾರಿಗಾದರೂ ಅನಿಸಬಹುದು. ಟ್ಯಾಂಕ್ ಬಿಡಿಸಬೇಕಾಗಿದ್ದ ತೊಡಕು ಏನೆಂದು ಗಮನಿಸಿದರೆ ಆ ಅಚ್ಚರಿ ಕಡಿಮೆಯಾಗುತ್ತದೆ. ಬಂದೂಕಿನ ಗುಂಡನ್ನು ತಡೆಯಲು 6ರಿಂದ 12 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸಾಕಾಗಿತ್ತು, ಅಂಥ ತಗಡು ಆಗಲೇ ಇತ್ತು. ಪೆಟ್ರೋಲ್ ಎಂಜಿನ್ ಇತ್ತು, ಮೆಷಿನ್ ಗನ್ ಕೂಡ ಇತ್ತು. ಇಷ್ಟನ್ನೂ ಹೊತ್ತ 28 ಟನ್ ತೂಕವನ್ನು ಹೂತುಹೋಗದಂತೆ ಕೆಸರಿನ ಮೇಲೆ ನಡೆಸುವುದು ಹೇಗೆ ಎಂಬುದಕ್ಕೆ ಮಾತ್ರ ಉತ್ತರ ಇರಲಿಲ್ಲ. ಆ ಪ್ರಶ್ನೆ ಯುದ್ಧಕ್ಕಿಂತ ಹೆಚ್ಚಾಗಿ ಹೊಲಕ್ಕೆ ಸೇರಿದ್ದು. ಹೊಲದಲ್ಲಿ ಭಾರ ಎಳೆದು ಅನುಭವವಿದ್ದ ಊರೇ ಅದಕ್ಕೆ ಉತ್ತರ ಹುಡುಕಿತು.

ಒಕ್ಕಣೆಯ ಊರು

ಲಿಂಕನ್ ಪಟ್ಟಣಕ್ಕೆ ಎರಡು ಮುಖಗಳಿವೆ. ಗುಡ್ಡದ ನೆತ್ತಿಯಲ್ಲಿ ಮಧ್ಯಯುಗದ ದೊಡ್ಡ ಕೆಥೆಡ್ರಲ್ ಇದೆ, ಕೆಳಗೆ ವಿದಮ್ ನದಿಯ ಬದಿಯ ತಗ್ಗಿನಲ್ಲಿ ಕಾರ್ಖಾನೆಗಳಿದ್ದವು. ಸುತ್ತಲಿನ ಲಿಂಕನ್‌ಶೈರ್ ಗೋಧಿ, ಬಾರ್ಲಿ ಬೆಳೆಯುವ ಸೀಮೆ. ಅದರ ಒಂದು ಭಾಗ ಜೌಗನ್ನು ಬಸಿದು ಮಾಡಿದ ಕಪ್ಪು ನೆಲವಾದರೆ ಇನ್ನೊಂದು ಭಾಗ ಅಂಟು ಜೇಡಿ. ಮಳೆಗಾಲ ಬೇಸಿಗೆ ಎಂದು ಬೇರ್ಪಡಿಸಲಾಗದ ಆ ಹವೆಯಲ್ಲಿ ಸುಗ್ಗಿ ಮುಗಿದು ಒಕ್ಕಣೆ ಶುರುವಾಗುವ ವೇಳೆಗೆ ನೆಲ ನೆನೆದಿರುತ್ತಿತ್ತು.

ಯಂತ್ರ ಬರುವ ಮೊದಲು ಬ್ರಿಟನ್ನಿನ ಕೂಲಿಯವರು ಚಳಿಗಾಲವಿಡೀ ಕೊಟ್ಟಿಗೆಯ ನೆಲದಲ್ಲಿ ತೆನೆಗಳನ್ನು ಕೋಲಿನಿಂದ ಬಡಿದು ಕಾಳು ಬಿಡಿಸುತ್ತಿದ್ದರು. ಸ್ಕಾಟ್ಲೆಂಡಿನ ಆಂಡ್ರೂ ಮೀಕಲ್ 1786ರಲ್ಲಿ ಒಕ್ಕಣೆ ಯಂತ್ರ ಮಾಡಿದ ಮೇಲೆ ಆ ದುಡಿಮೆ ತಪ್ಪಿತು, ಅದರ ಜೊತೆಗೆ ಆ ಕೂಲಿಯೂ ತಪ್ಪಿತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ಊರೂರುಗಳಲ್ಲಿ ಒಕ್ಕಣೆ ಯಂತ್ರಗಳನ್ನು ಒಡೆದುಹಾಕಿದ್ದರ ಹಿಂದೆ ಈ ಹಸಿವಿತ್ತು. ಆದರೂ ಯಂತ್ರವೇ ಗೆದ್ದಿತು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಹಬೆ ಎಂಜಿನ್ ಅದಕ್ಕೆ ಜೊತೆಯಾಯಿತು.

ಆ ಯಂತ್ರ ಕೆಲಸ ಮಾಡುತ್ತಿದ್ದ ಬಗೆ ನಮ್ಮ ಕಣದ ಕೆಲಸ ಬಲ್ಲವರಿಗೆ ತಕ್ಷಣ ಅರ್ಥವಾಗುತ್ತದೆ. ಮೇಲಿನಿಂದ ಸಿವುಡು ಬಿಚ್ಚಿ ಹಾಕಿದರೆ ವೇಗವಾಗಿ ತಿರುಗುವ ಉಕ್ಕಿನ ಉರುಳೆ ತೆನೆಯನ್ನು ಉಜ್ಜಿ ಕಾಳು ಉದುರಿಸುತ್ತದೆ, ಕುಲುಕುವ ಹಲಗೆಗಳು ಹುಲ್ಲನ್ನು ಹೊರಗೆ ತಳ್ಳುತ್ತವೆ, ಫ್ಯಾನು ಹೊಟ್ಟನ್ನು ತೂರುತ್ತದೆ, ಜರಡಿ ಕಾಳನ್ನು ವಿಂಗಡಿಸುತ್ತದೆ. ರೋಣಗಲ್ಲು, ಮೊರ, ಗಾಳಿ, ಜರಡಿ ಎಲ್ಲವೂ ಒಂದು ಮರದ ಪೆಟ್ಟಿಗೆಯೊಳಗೆ ಸೇರಿಕೊಂಡಂತೆ. ಈ ಪೆಟ್ಟಿಗೆಯನ್ನು ಹಬೆ ಎಂಜಿನ್ನು ಹೊಲದಿಂದ ಹೊಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಹೋದಲ್ಲಿ ನಿಂತು ಉದ್ದನೆಯ ಬೆಲ್ಟ್ ಕಟ್ಟಿ ಅದನ್ನು ನಡೆಸುತ್ತಿತ್ತು.

ಹಿಟ್ಟಿನ ಗಿರಣಿ ನಡೆಸುತ್ತಿದ್ದ ವಿಲಿಯಂ ಫಾಸ್ಟರ್ 1856ರಲ್ಲಿ ಲಿಂಕನ್‌ನಲ್ಲಿ ಯಂತ್ರ ಮಾಡುವ ಕೆಲಸಕ್ಕೆ ಇಳಿದರು. ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಅವರ ಕಾರ್ಖಾನೆ ಲಿಮಿಟೆಡ್ ಕಂಪನಿಯಾಯಿತು. ಅದೇ ಊರಿನಲ್ಲಿ ಕ್ಲೇಟನ್ ಅಂಡ್ ಶಟಲ್‌ವರ್ತ್, ರಸ್ಟನ್ ಪ್ರಾಕ್ಟರ್, ರೋಬಿ ಎಂಬ ಕಾರ್ಖಾನೆಗಳೂ ಇದೇ ಬಗೆಯ ಕೆಲಸದಲ್ಲಿದ್ದವು. ಒಂದೇ ಪಟ್ಟಣದಲ್ಲಿ ಇಷ್ಟು ಕಾರ್ಖಾನೆಗಳಿದ್ದುದರಿಂದ ಎರಕ ಹೊಯ್ಯುವವರು, ಬಾಯ್ಲರ್ ಕಟ್ಟುವವರು, ರಿವೆಟ್ ಬಡಿಯುವವರು, ನಕ್ಷೆ ಬರೆಯುವವರು ತಲೆಮಾರಿನಿಂದ ತಲೆಮಾರಿಗೆ ಅಲ್ಲಿ ತಯಾರಾಗುತ್ತಿದ್ದರು. ಟ್ಯಾಂಕ್ ಆರು ತಿಂಗಳೊಳಗೆ ರೂಪುಗೊಂಡಿತು ಎಂದು ಓದುವಾಗ ಅದರ ಹಿಂದೆ ಈ ಕೈಗಳ ಎರಡು ಮೂರು ತಲೆಮಾರು ಇದ್ದುದನ್ನು ನೆನಪಿಡಬೇಕು.

ಭಾರ ಮತ್ತು ಹಿಡಿತ

ಹೊಲದಲ್ಲಿ ಓಡುವ ಎಂಜಿನ್ನಿಗೆ ಎರಡು ಅಗತ್ಯಗಳಿವೆ. ಅದು ನೆಲದೊಳಗೆ ಹೂಳಬಾರದು, ನೆಲದ ಮೇಲೆ ಜಾರಲೂಬಾರದು. ತೂಕ ಹೆಚ್ಚಿಸಿದರೆ ಜಾರುವುದು ಕಡಿಮೆಯಾಗಬೇಕು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಮರಳಿನ ಮಟ್ಟಿಗೆ ಅದು ನಿಜ. ಮರಳಿನ ಕಣಗಳು ಒಂದನ್ನೊಂದು ಉಜ್ಜುವ ಘರ್ಷಣೆಯಿಂದಲೇ ಅದಕ್ಕೆ ಬಲ ಬರುವುದು, ಮೇಲಿನಿಂದ ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಒದ್ದೆ ಜೇಡಿಮಣ್ಣಿನ ಸ್ವಭಾವ ಬೇರೆ. ಅದರ ಬಲವೆಲ್ಲ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಲ್ಲಿದೆ. ಅಲ್ಲಿ ಹಿಡಿತ ಬೇಕಾದರೆ ತೂಕ ಹೆಚ್ಚಿಸಿ ಪ್ರಯೋಜನವಿಲ್ಲ, ನೆಲಕ್ಕೆ ತಾಗುವ ಜಾಗವನ್ನು ಹೆಚ್ಚಿಸಬೇಕು. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಪೋಲೆಂಡ್ ಮೂಲದ ಎಂಜಿನಿಯರ್ ಮ್ಯೆಚಿಸ್ವಾವ್ ಬೆಕರ್ ಈ ವಿಷಯಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟರು. ಚಂದ್ರನ ಮೇಲೆ ಓಡಿದ ಅಪೊಲೊ ವಾಹನದ ಹಿಂದೆ ಅವರ ಕೆಲಸವೂ ಇದೆ. ಆದರೆ 1900ರ ಹೊತ್ತಿಗೆ ಈ ಅರಿವು ಸೂತ್ರವಾಗಿರಲಿಲ್ಲ. ಹೂತ ಎಂಜಿನ್ನನ್ನು ಹಗ್ಗ ಕಟ್ಟಿ ಎಳೆದವರ ತಿಳುವಳಿಕೆಯಲ್ಲಿ ಮಾತ್ರ ಅದು ಇತ್ತು.

ತಾಗುವ ಜಾಗ ಹೆಚ್ಚಿಸಲು ಮೊದಲ ದಾರಿ ಚಕ್ರವನ್ನು ಹಿಗ್ಗಿಸುವುದು. ಫಾಸ್ಟರ್ ಕಂಪನಿ ಡೈಮ್ಲರ್ ಜೊತೆ ಸೇರಿ ಮಾಡಿದ 105 ಅಶ್ವಶಕ್ತಿಯ ಪೆಟ್ರೋಲ್ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ವ್ಯಾಸ 8 ಅಡಿ ಇತ್ತು. ದಕ್ಷಿಣ ಅಮೆರಿಕದ ವಿಶಾಲ ಹೊಲಗಳ ಮೇಲೆ ಕಣ್ಣಿಟ್ಟು ಮಾಡಿದ ಯಂತ್ರ ಅದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಂಜಮಿನ್ ಹೋಲ್ಟ್ ಅವರು ಮುಖಜಭೂಮಿಯ ಮೆದು ನೆಲಕ್ಕಾಗಿ ಎಂಜಿನ್ನಿನ ಚಕ್ರಗಳನ್ನು ಅಗಲ ಮಾಡುತ್ತಾ ಹೋಗಿ, ಇನ್ನು ಅಗಲಿಸಲಾಗದು ಎಂಬ ಹಂತ ಮುಟ್ಟಿದರು. 1904ರ ನವೆಂಬರಿನಲ್ಲಿ ಅವರು ಚಕ್ರವನ್ನೇ ತೆಗೆದು ಅದರ ಜಾಗದಲ್ಲಿ ಮರದ ಹಲಗೆ ಜೋಡಿಸಿದ ಸರಪಳಿಯನ್ನು ಕೂರಿಸಿ ನೋಡಿದರು. ಯಂತ್ರ ತಾನೇ ಹಾಸಿಕೊಂಡು, ತಾನೇ ಸುತ್ತಿಕೊಂಡು ಹೋಗುವ ಹಾದಿ ಅದು. ಇಂದು ನಮ್ಮೂರ ಕೆರೆ ಹೂಳೆತ್ತುವ ಹಿಟಾಚಿಯ ಕೆಳಗಿರುವ ಚೈನಿನ ಪೂರ್ವಜನೂ ಇದೇ.

ಲಿಂಕನ್‌ಶೈರಿನಲ್ಲೇ, ಲಿಂಕನ್‌ನ ದಕ್ಷಿಣಕ್ಕಿರುವ ಗ್ರಾಂಥಮ್ ಪಟ್ಟಣದ ಹಾರ್ನ್ಸ್‌ಬಿ ಕಾರ್ಖಾನೆಯಲ್ಲಿ ಡೇವಿಡ್ ರಾಬರ್ಟ್ಸ್ ಎಂಬ ಎಂಜಿನಿಯರ್ ಅದೇ ಕಾಲದಲ್ಲಿ ಇನ್ನೂ ಗಟ್ಟಿಯಾದ ಚೈನ್ ಟ್ರ್ಯಾಕ್ ರೂಪಿಸಿದ್ದರು. ಬ್ರಿಟಿಷ್ ಸೈನ್ಯ ಅದನ್ನು ಪರೀಕ್ಷಿಸಿತು, ಸೈನಿಕರು ಅದರ ನಡಿಗೆ ನೋಡಿ ಕಂಬಳಿಹುಳು ಎಂದು ಕರೆದರು. ಮೆಚ್ಚುಗೆ ಬಂತಾದರೂ ಹೇಳಿಕೊಳ್ಳುವಷ್ಟು ಖರೀದಿ ಬರಲಿಲ್ಲ. ಕೆನಡಾದ ಯೂಕಾನ್ ಪ್ರದೇಶದಲ್ಲಿ ಕಲ್ಲಿದ್ದಲು ಎಳೆಯಲು ಚೈನ್ ಮೇಲೆ ನಡೆಯುವ ದೊಡ್ಡ ಹಬೆ ಎಂಜಿನ್ನೊಂದಕ್ಕೆ ಬೇಡಿಕೆ ಬಂದಾಗ, ಹಾರ್ನ್ಸ್‌ಬಿಯ ಚೈನ್ ಮೇಲೆ ಕೂರುವ ಎಂಜಿನ್ ಮಾಡಿಕೊಟ್ಟದ್ದು ಫಾಸ್ಟರ್ ಕಂಪನಿ. ಟ್ಯಾಂಕಿಗೆ ಐದಾರು ವರ್ಷ ಮೊದಲೇ ಲಿಂಕನ್‌ನ ಕೆಲಸಗಾರರು ಚೈನ್ ವಾಹನ ಕಂಡಿದ್ದರು. ಯುದ್ಧ ಶುರುವಾದ ವರ್ಷವೇ, 1914ರಲ್ಲಿ, ಹಾರ್ನ್ಸ್‌ಬಿ ತನ್ನ ಚೈನ್ ಪೇಟೆಂಟನ್ನು ಹೋಲ್ಟ್ ಕಂಪನಿಗೆ ಮಾರಿಬಿಟ್ಟಿತ್ತು. ಕಾರ್ಖಾನೆಗಳಲ್ಲಿ ಹುಟ್ಟಿದ ಅರಿವನ್ನು ಕೊಳ್ಳುವವರಿಲ್ಲದಿದ್ದರೆ ಅದು ದೇಶ ಬಿಟ್ಟು ಹೋಗುತ್ತದೆ. ಬ್ರಿಟನ್ ಮುಂದೆ ಹಾಗೇ ಚೈನನ್ನು ಅಮೆರಿಕದಿಂದ ತರಿಸಬೇಕಾಯಿತು.

ಹೋಟೆಲಿನ ಕೋಣೆ

1914ರ ಕೊನೆಯ ಹೊತ್ತಿಗೆ ಪಶ್ಚಿಮ ರಣರಂಗ ಕಂದಕಗಳಲ್ಲಿ ಸಿಕ್ಕಿಕೊಂಡು ನಿಂತಿತ್ತು. ಮುಳ್ಳುತಂತಿಯ ಹಿಂದೆ ಕೂತ ಒಂದು ಮೆಷಿನ್ ಗನ್ ನೂರಾರು ಜನರನ್ನು ತಡೆಯಬಲ್ಲದಾಗಿತ್ತು. ರಾಯಲ್ ಎಂಜಿನಿಯರ್ಸ್‌ನ ಅಧಿಕಾರಿ ಅರ್ನೆಸ್ಟ್ ಸ್ವಿಂಟನ್ ಹೋಲ್ಟ್ ಟ್ರ್ಯಾಕ್ಟರಿನ ಮಾದರಿಯಲ್ಲಿ ಕವಚದ ವಾಹನ ಬೇಕು ಎಂದು ವಾದಿಸಿದರು. ಭೂಸೇನೆ ಹಿಂದೆಮುಂದೆ ನೋಡುತ್ತಿದ್ದಾಗ ನೌಕಾಖಾತೆಯ ಹೊಣೆ ಹೊತ್ತಿದ್ದ ವಿನ್‌ಸ್ಟನ್ ಚರ್ಚಿಲ್ 1915ರ ಫೆಬ್ರವರಿಯಲ್ಲಿ ‘ಲ್ಯಾಂಡ್‌ಶಿಪ್’ ಸಮಿತಿಯನ್ನು ಕೂಡಿಸಿದರು. ಹಡಗುಗಳ ವಿನ್ಯಾಸದ ಮುಖ್ಯಸ್ಥ ಯೂಸ್ಟೇಸ್ ಟೆನಿಸನ್ ಡೇನ್‌ಕೋರ್ಟ್ ಅದರ ಅಧ್ಯಕ್ಷರಾದರು, ಆಲ್ಬರ್ಟ್ ಸ್ಟರ್ನ್ ಕಾರ್ಯದರ್ಶಿಯಾದರು.

ಸಮಿತಿಯ ಮುಂದೆ ಬಂದ ಸಲಹೆಗಳಲ್ಲಿ 40 ಅಡಿ ವ್ಯಾಸದ ಚಕ್ರಗಳ ವಾಹನವೂ ಒಂದು. ಆಗ ಫಾಸ್ಟರ್ ಕಂಪನಿಯ ಆಡಳಿತ ನಿರ್ದೇಶಕರಾಗಿದ್ದವರು ವಿಲಿಯಂ ಟ್ರಿಟನ್. 15 ಇಂಚಿನ ಭಾರಿ ಹೋವಿಟ್ಜರ್ ತೋಪುಗಳನ್ನು ಎಳೆಯಲು ಅವರ ಡೈಮ್ಲರ್ ಟ್ರ್ಯಾಕ್ಟರುಗಳನ್ನು ಸರ್ಕಾರ ಆಗಲೇ ಕೊಂಡಿತ್ತು. ಆ ಪರಿಚಯದಿಂದಲೇ ಸಮಿತಿ ಅವರ ಬಳಿ ಬಂದಿತು. ದೊಡ್ಡ ಚಕ್ರದ ಯೋಜನೆ ಮರದ ಮಾದರಿಯ ಹಂತದಲ್ಲೇ ಬಿದ್ದುಹೋಯಿತು. ಅಷ್ಟೆತ್ತರದ ಚಕ್ರ ಶತ್ರುವಿನ ತೋಪಿಗೆ ಸುಲಭದ ಗುರಿಯಾಗುತ್ತಿತ್ತು. ಸೇತುವೆಯ ತೊಲೆಗಳನ್ನು ಹೊತ್ತು, ಕಂದಕದ ಮೇಲೆ ತಾನೇ ಹಾಸಿ ದಾಟುವ ಟ್ರ್ಯಾಕ್ಟರೊಂದನ್ನು ಟ್ರಿಟನ್ ಕಟ್ಟಿ ನೋಡಿದರು. ಅದೂ ಸೈನ್ಯಕ್ಕೆ ಒಪ್ಪಿಗೆಯಾಗಲಿಲ್ಲ.

1915ರ ಜುಲೈನಲ್ಲಿ ಸಮಿತಿ ಚೈನ್ ಮೇಲೆ ನಡೆಯುವ ವಾಹನ ಕಟ್ಟುವ ಕೆಲಸವನ್ನು ಫಾಸ್ಟರ್ ಕಂಪನಿಗೆ ವಹಿಸಿತು. ನೌಕಾಪಡೆಯ ಸೇವೆಗೆ ಸೇರಿದ್ದ ವಾಲ್ಟರ್ ಗಾರ್ಡನ್ ವಿಲ್ಸನ್ ಎಂಬ ಎಂಜಿನಿಯರನ್ನು ಟ್ರಿಟನ್‌ಗೆ ಜೊತೆ ಮಾಡಿ ಕಳಿಸಿತು. ಕೇಂಬ್ರಿಜ್‌ನಲ್ಲಿ ಓದಿ, ಯುದ್ಧಕ್ಕೆ ಮೊದಲು ಕಾರುಗಳನ್ನೂ ಗೇರ್‌ಗಳನ್ನೂ ರೂಪಿಸಿದ್ದವರು ವಿಲ್ಸನ್. ಟ್ರಿಟನ್‌ಗೆ ಕಾರ್ಖಾನೆಯ ಒಳಹೊರಗು ಗೊತ್ತಿತ್ತು. ಕೆಥೆಡ್ರಲ್ ಪಕ್ಕದ ವೈಟ್ ಹಾರ್ಟ್ ಹೋಟೆಲಿನ ಕೋಣೆಯೊಂದರಲ್ಲಿ ಇಬ್ಬರೂ ಕೂತು ಗುಟ್ಟಾಗಿ ಚಿತ್ರ ಬರೆದರು. ಅವನ್ನು ಅಳತೆಯ ನಕ್ಷೆಗೆ ಇಳಿಸಿದವರಲ್ಲಿ ಕಾರ್ಖಾನೆಯ ಮುಖ್ಯ ನಕ್ಷೆಗಾರ ವಿಲಿಯಂ ರಿಗ್ಬಿ ಮುಖ್ಯರು. ಆಗಸ್ಟ್ 11ರಂದು ಕೆಲಸ ಶುರುವಾಯಿತು, ಸೆಪ್ಟೆಂಬರ್ ಎರಡನೇ ವಾರದಲ್ಲಿ ಯಂತ್ರ ಅಂಗಳದಲ್ಲಿ ಓಡಿತು. ಎಂಜಿನ್ನು, ಗೇರ್ ಪೆಟ್ಟಿಗೆ ಎರಡೂ ಡೈಮ್ಲರ್ ಟ್ರ್ಯಾಕ್ಟರಿನವೇ ಆಗಿದ್ದರಿಂದ ಇಷ್ಟು ಬೇಗ ಆಯಿತು. ಟ್ಯಾಂಕಿನ ಎದೆಯೊಳಗೆ ಹೊಲದ ಟ್ರ್ಯಾಕ್ಟರ್ ಹಾಗೆಯೇ ಇತ್ತು.

ಜೋತುಬೀಳುವ ಚೈನು

ಕೈಕೊಟ್ಟದ್ದು ಚೈನು. ಷಿಕಾಗೋದ ಬುಲಕ್ ಕಂಪನಿಯಿಂದ ತರಿಸಿದ್ದ ಚೈನ್ ಸಮತಟ್ಟಾದ ಹೊಲಕ್ಕೆ ಒಗ್ಗುತ್ತಿತ್ತು. ಕಂದಕ ದಾಟುವಾಗ ಅದರ ಕೆಳಗಿನ ನೆಲ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಆಗ ಚೈನ್ ಸಡಿಲಾಗಿ ಕೆಳಗೆ ಜೋತುಬೀಳುತ್ತದೆ. ಯಂತ್ರ ಆಚೆ ದಡಕ್ಕೆ ತಾಗಿ ಮತ್ತೆ ಭಾರ ಬಿಟ್ಟಾಗ ಚೈನ್ ತನ್ನ ಜಾಗಕ್ಕೆ ಸರಿಯಾಗಿ ಮರಳದೆ ಉರುಳೆಗಳಿಂದ ಕಳಚಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಅದೇ ಆಯಿತು. ರಬ್ಬರಿನಂಥ ಬಲಾಟಾ ಪಟ್ಟಿಯನ್ನು ಪ್ರಯೋಗಿಸಿದರೆ ಅದು ಪರೀಕ್ಷೆಯ ಮೇಜಿನ ಮೇಲೆಯೇ ಹರಿಯಿತು.

ಟ್ರಿಟನ್ ಹೊಸ ಚೈನನ್ನು ತಾವೇ ರೂಪಿಸಿದರು. ಒತ್ತಿ ರೂಪಿಸಿದ ಉಕ್ಕಿನ ಫಲಕಗಳಿಗೆ ಕೊಂಡಿಗಳನ್ನು ರಿವೆಟ್ ಮಾಡಿ ಜೋಡಿಸಿದರು. ಕೊಂಡಿಗಳ ಒಳಬದಿಯಲ್ಲಿ ಕೊಕ್ಕೆಯಂಥ ಅಂಚುಗಳಿದ್ದವು. ಯಂತ್ರದ ಚೌಕಟ್ಟಿನ ಹಳಿಯನ್ನು ಆ ಅಂಚುಗಳು ಹಿಡಿದುಕೊಂಡೇ ಸರಿಯುತ್ತಿದ್ದವು. ಕೆಳಗೆ ನೆಲ ಇರಲಿ ಇಲ್ಲದಿರಲಿ, ಚೈನ್ ಚೌಕಟ್ಟನ್ನು ಬಿಡುವ ಹಾಗೇ ಇಲ್ಲ. ಮೂಲ ತೊಡಕು ಅಲ್ಲಿಗೆ ಮುಗಿಯಿತು. ಸೆಪ್ಟೆಂಬರ್ 22ರಂದು ಲಿಂಕನ್‌ನಿಂದ ಲಂಡನ್ನಿನ ಸ್ಟರ್ನ್ ಅವರಿಗೆ ಒಂದು ತಂತಿ ಹೋಯಿತು. ಗುಟ್ಟು ಕಾಯಲೆಂದು, ಮನೆಯಲ್ಲಿ ಮಗು ಹುಟ್ಟಿದ ಸುದ್ದಿಯ ಧಾಟಿಯಲ್ಲಿ ಅದನ್ನು ಬರೆದಿದ್ದರು. ಬಲಾಟಾ ಸತ್ತಿತು, ಹಗುರವಾದರೂ ಬಲಿಷ್ಠವಾದ ಹೊಸದು ಬಂದಿದೆ ಎಂಬುದು ಅದರ ಸಾರ.

ಬ್ರಿಟನ್ ಆ ಯುದ್ಧದಲ್ಲಿ ಕಟ್ಟಿದ ಭಾರಿ ಟ್ಯಾಂಕುಗಳೆಲ್ಲ ಈ ಚೈನಿನ ತತ್ವದ ಮೇಲೆಯೇ ನಡೆದವು. ನನ್ನ ದೃಷ್ಟಿಯಲ್ಲಿ ಟ್ಯಾಂಕಿನ ನಿಜವಾದ ಆವಿಷ್ಕಾರ ಇದು. ಕವಚದ ವಾಹನ ಬೇಕು ಎಂದು ಕನಸು ಕಂಡವರು ಹಲವರಿದ್ದರು. ಆ ಕನಸು ಎಲ್ಲಿ ಮುರಿಯುತ್ತಿದೆ ಎಂಬುದನ್ನು ಅಂಗಳದಲ್ಲಿ ನಿಂತು ನೋಡಿ, ಒಂದು ಕೊಂಡಿಯ ಅಂಚನ್ನು ಬದಲಿಸಿ ಸರಿಪಡಿಸಿದವರು ಕೆಲವೇ ಜನ.

ಅರವತ್ತು ಅಡಿಯ ಚಕ್ರ

ಹೊಸ ಚೈನ್ ಹಾಕಿದ ಆ ಮೊದಲ ಯಂತ್ರಕ್ಕೆ ‘ಲಿಟಲ್ ವಿಲ್ಲಿ’ ಎಂದು ಹೆಸರಾಯಿತು. ಅದು ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಸೈನ್ಯದ ಬೇಡಿಕೆ ಬೆಳೆದಿತ್ತು. 8 ಅಡಿ ಅಗಲದ ಕಂದಕ ದಾಟಬೇಕು, ನಾಲ್ಕೂವರೆ ಅಡಿ ಎತ್ತರದ ದಿಬ್ಬ ಹತ್ತಬೇಕು ಎಂದು ಅವರು ಕೇಳಿದರು. ಕಂದಕ ದಾಟುವುದರ ಲೆಕ್ಕ ಸರಳ. ಯಂತ್ರದ ಗುರುತ್ವ ಕೇಂದ್ರ ಈಚೆ ದಡದ ಅಂಚನ್ನು ದಾಟುವ ಮೊದಲು ಮೂತಿ ಆಚೆ ದಡವನ್ನು ಮುಟ್ಟಿರಬೇಕು. ಇಲ್ಲದಿದ್ದರೆ ಯಂತ್ರ ಮುಗ್ಗರಿಸಿ ಕಂದಕದೊಳಗೆ ಬೀಳುತ್ತದೆ. ಹಾಗಾಗಿ ಯಂತ್ರ ಉದ್ದವಾಗಿರಬೇಕು. ದಿಬ್ಬ ಹತ್ತಲು ಚೈನಿನ ಮುಂದಿನ ತುದಿ ಎತ್ತರದಲ್ಲಿರಬೇಕು.

ವಿಲ್ಸನ್ ಯಂತ್ರದ ಆಕಾರವನ್ನೇ ಬದಲಿಸಿದರು. ಚೈನನ್ನು ಕೆಳಗಷ್ಟೇ ಸುತ್ತಿಸದೆ ಇಡೀ ಮೈಯ ಸುತ್ತ, ಮಾಡಿನ ಮೇಲೂ ಹಾಯಿಸಿದರು. ಓರೆಯಾಗಿ ತಳ್ಳಿದ ಚೌಕದಂಥ ಆ ಆಕೃತಿಗೆ ಎತ್ತರದ ಮೂತಿ ಬಂತು. ಚೈನು ಒಂದೊಂದು ಬದಿಗೆ 90 ಫಲಕಗಳಷ್ಟು ಉದ್ದವಾಯಿತು. ಚೈನ್ ಮೇಲೆ ಹಾಯ್ದದ್ದರಿಂದ ತೋಪಿನ ಗೋಪುರಕ್ಕೆ ಜಾಗವಿಲ್ಲದೆ ಬಂದೂಕುಗಳನ್ನು ಎರಡು ಪಕ್ಕಗಳ ಉಬ್ಬುಗೂಡುಗಳಲ್ಲಿ ಇಟ್ಟರು.

ಅದರ ಹೊಟ್ಟೆಯ ಭಾಗದಲ್ಲಿ ಇನ್ನೊಂದು ಜಾಣ್ಮೆಯಿದೆ. ಚೈನ್ ನೆಲಕ್ಕೆ ತಾಗುವ ಕಡೆ ಮಟ್ಟಸವಾಗಿರದೆ, ಸುಮಾರು 60 ಅಡಿ ವ್ಯಾಸದ ಚಕ್ರದ ಅಂಚಿನಷ್ಟು ನಸುವಾಗಿ ಬಾಗಿದೆ. ಸಮಿತಿ ಕೈಬಿಟ್ಟಿದ್ದ ದೈತ್ಯ ಚಕ್ರದಲ್ಲಿ ಬೇಕಾದಷ್ಟು ತುಂಡನ್ನು ಮಾತ್ರ ಉಳಿಸಿಕೊಂಡ ಹಾಗಾಯಿತು. ಅದರ ಲಾಭವನ್ನು ಲೆಕ್ಕ ಹಾಕಿ ನೋಡಬಹುದು. ಒಂದೊಂದು ಚೈನಿನ ಅಗಲ ಸುಮಾರು 52 ಸೆಂಟಿಮೀಟರ್. ಗಟ್ಟಿ ನೆಲದಲ್ಲಿ ಯಂತ್ರ 3 ಸೆಂಟಿಮೀಟರ್ ಇಳಿದರೆ ಒಂದೂವರೆ ಮೀಟರಿನಷ್ಟು ಚೈನ್ ನೆಲಕ್ಕೆ ತಾಗುತ್ತದೆ. ಆಗ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ 1.8 ಕಿಲೋಗ್ರಾಂ. ಮೆದು ನೆಲದಲ್ಲಿ 22 ಸೆಂಟಿಮೀಟರ್ ಇಳಿದರೆ 4 ಮೀಟರ್ ಚೈನ್ ತಾಗುತ್ತದೆ, ಭಾರ 0.7 ಕಿಲೋಗ್ರಾಮಿಗೆ ಇಳಿಯುತ್ತದೆ. ಅಂದರೆ ಯಂತ್ರ ಹೂತಷ್ಟೂ ಅದರ ಹೆಜ್ಜೆ ಹಿಗ್ಗುತ್ತದೆ, ಹೂಳುವುದು ತಾನಾಗಿ ನಿಧಾನಿಸುತ್ತದೆ. ಗಟ್ಟಿ ನೆಲದಲ್ಲಿ ಕಡಿಮೆ ಚೈನ್ ತಾಗುವುದರಿಂದ ತಿರುಗಿಸಲೂ ಸುಲಭ.

‘ಮದರ್’ ಎಂದು ಹೆಸರಾದ ಈ ಯಂತ್ರ 1916ರ ಜನವರಿಯಲ್ಲಿ ಸಿದ್ಧವಾಯಿತು. ಲಿಂಕನ್ ಬಳಿಯ ಬರ್ಟನ್ ಪಾರ್ಕಿನಲ್ಲಿ ಓಡಿಸಿ ನೋಡಿ, ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಪಾರ್ಕಿಗೆ ಸಾಗಿಸಿದರು. ಫೆಬ್ರವರಿ 2ರಂದು ಮಂತ್ರಿಗಳಾಗಿದ್ದ ಕಿಚ್ನರ್, ಲಾಯ್ಡ್ ಜಾರ್ಜ್, ಬಾಲ್ಫರ್ ಅವರ ಮುಂದೆ ಅದು ಕಂದಕ ದಾಟಿತು, ಫೆಬ್ರವರಿ 8ರಂದು ದೊರೆ ಐದನೇ ಜಾರ್ಜ್ ಬಂದು ನೋಡಿದರು. 100 ಟ್ಯಾಂಕುಗಳಿಗೆ ಬೇಡಿಕೆ ಬಂತು, ಸ್ವಲ್ಪದರಲ್ಲೇ ಅದು 150ಕ್ಕೆ ಏರಿತು. ಫಾಸ್ಟರ್ ಕಂಪನಿ ಸಣ್ಣದು, ಅದರ ಪಾಲಿಗೆ 37 ಬಂದವು. ಉಳಿದವನ್ನು ರೈಲುಬೋಗಿ ಮಾಡುತ್ತಿದ್ದ ಮೆಟ್ರೊಪಾಲಿಟನ್ ಕಂಪನಿ ಕಟ್ಟಿತು. ಗುಟ್ಟು ಕಾಯಲು ನೀರಿನ ತೊಟ್ಟಿಗಳು ಎಂದು ಹೇಳಿ ಸಾಗಿಸಿದ್ದರಿಂದ ಟ್ಯಾಂಕ್ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು.

ಮಣ್ಣಿನ ತೀರ್ಪು

1916ರ ಸೆಪ್ಟೆಂಬರ್ 15ರಂದು ಸೊಮ್ ರಣರಂಗದ ಫ್ಲೆರ್ಸ್ ಬಳಿ ಟ್ಯಾಂಕುಗಳು ಮೊದಲ ಬಾರಿಗೆ ಯುದ್ಧಕ್ಕಿಳಿದವು. 49ರಲ್ಲಿ 32 ಮಾತ್ರ ಹೊರಡುವ ಗೆರೆಯನ್ನು ಮುಟ್ಟಿದವು. ಒಳಗಿದ್ದ ಎಂಟು ಜನರ ಪಾಡು ಘೋರವಾಗಿತ್ತು. ಎಂಜಿನ್ ಅವರ ನಡುವೆಯೇ ಉರಿಯುತ್ತಿತ್ತು. ಬಿಸಿ 50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು, ಕಾರ್ಬನ್ ಮೊನಾಕ್ಸೈಡ್ ಕುಡಿದು ಜನ ಪ್ರಜ್ಞೆ ತಪ್ಪುತ್ತಿದ್ದರು. ತಿರುಗಿಸಲು ನಾಲ್ಕು ಜನ ಬೇಕಿತ್ತು. ಎರಡೂ ಬದಿಯ ಚೈನಿಗೆ ಬೇರೆ ಬೇರೆ ಗೇರುಗಳಿದ್ದವು. ಸದ್ದಿನಲ್ಲಿ ಮಾತು ಕೇಳದ್ದರಿಂದ ಎಂಜಿನ್ನಿನ ಮುಚ್ಚಳ ಬಡಿದು ಸನ್ನೆ ಮಾಡುತ್ತಿದ್ದರು. 28 ಟನ್ನಿಗೆ 105 ಅಶ್ವಶಕ್ತಿ ಎಂದರೆ ಟನ್ನಿಗೆ ನಾಲ್ಕೂ ಇಲ್ಲ. ವೇಗ ಗಂಟೆಗೆ ಹೆಚ್ಚೆಂದರೆ 6 ಕಿಲೋಮೀಟರ್.

ಅದೇ ರಣರಂಗದ ಹೈ ವುಡ್ ಎಂಬ ಕಾಡಿನ ಬಳಿ ಎರಡು ತಿಂಗಳ ಹಿಂದೆ, ಜುಲೈ 14ರಂದು, ಸಿಕಂದರಾಬಾದ್ ಬ್ರಿಗೇಡಿನ ಡೆಕ್ಕನ್ ಹಾರ್ಸ್ ಸವಾರರು ಈಟಿ ಹಿಡಿದು ಕುದುರೆ ನುಗ್ಗಿಸಿದ್ದರು. ಈಗ ಅದೇ ಕಾಡಿಗೆ ಟ್ಯಾಂಕುಗಳನ್ನು ಕಳಿಸಿದರು. ತೋಪಿನ ಹೊಡೆತಕ್ಕೆ ಮುರಿದ ಮರಗಳ ಮೋಟುಗಳಲ್ಲಿ ಸಿಕ್ಕಿಕೊಂಡು ಅವು ನಿಂತವು. ದಖ್ಖನ್ನಿನಿಂದ ಹೋದ ಸವಾರನೂ ಲಿಂಕನ್‌ನಲ್ಲಿ ಹುಟ್ಟಿದ ಯಂತ್ರವೂ ಒಂದೇ ಋತುವಿನಲ್ಲಿ ಒಂದೇ ನೆಲದ ಮೇಲೆ ಹಾಯ್ದದ್ದು ಯುದ್ಧದ ಎರಡು ಯುಗಗಳು ಎಷ್ಟು ಹತ್ತಿರ ಇದ್ದವು ಎಂಬುದನ್ನು ತೋರಿಸುತ್ತದೆ.

1917ರ ಎರಡು ಕಾಳಗಗಳನ್ನು ಪಕ್ಕಪಕ್ಕ ಇಟ್ಟರೆ ಟ್ಯಾಂಕಿನ ಸೋಲು ಗೆಲುವು ಯಾರ ಕೈಯಲ್ಲಿತ್ತು ಎಂಬುದು ತಿಳಿಯುತ್ತದೆ. ಬೆಲ್ಜಿಯಮ್ಮಿನ ಈಪ್ರ್ ಸುತ್ತಲಿನದು ಜೇಡಿಮಣ್ಣಿನ ತಗ್ಗು ನೆಲ. ರೈತರು ತಲೆಮಾರುಗಳಿಂದ ತೋಡಿ ಕಾಪಾಡಿಕೊಂಡ ಬಸಿಗಾಲುವೆಗಳಿಂದಲೇ ಅದು ಹೊಲವಾಗಿ ಉಳಿದಿತ್ತು. ತೋಪುಗಳು ಆ ಕಾಲುವೆಗಳನ್ನು ಪುಡಿ ಮಾಡಿದವು. ಮಳೆನೀರು ಹರಿದುಹೋಗಲು ದಾರಿಯಿಲ್ಲದೆ ನೆಲ ಕೆಸರಾಯಿತು. ಅಲ್ಲಿ ಟ್ಯಾಂಕುಗಳು ಮಾಡಿನವರೆಗೆ ಹೂತವು. ಹೂತದ್ದನ್ನು ಎತ್ತಲು ಓಕ್ ಮರದ ತೊಲೆಯೊಂದನ್ನು ಚೈನಿಗೆ ಕಟ್ಟಿ, ಅದು ಸುತ್ತಿಕೊಂಡು ಅಡಿಗೆ ಬಂದಾಗ ಅದರ ಮೇಲೆ ಹತ್ತಿ ಹೊರಬರುವ ಉಪಾಯ ಮಾಡಿಕೊಂಡಿದ್ದರು. ಈಪ್ರ್‌ನ ಕೆಸರಿಗೆ ಅದೂ ಸಾಲಲಿಲ್ಲ.

ಅದೇ ವರ್ಷದ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೆ ಬಳಿ 476 ಟ್ಯಾಂಕುಗಳು ಮುಂದೆ ಹೊರಟವು. ಅಲ್ಲಿನದು ನೀರು ಬಸಿಯುವ ಸುಣ್ಣಕಲ್ಲಿನ ನೆಲ. ದಾಳಿಗೆ ಮೊದಲು ದಿನಗಟ್ಟಲೆ ತೋಪು ಹಾರಿಸಿ ನೆಲ ಕೆಡಿಸುವುದನ್ನೂ ಈ ಬಾರಿ ಕೈಬಿಟ್ಟಿದ್ದರು. ಜರ್ಮನ್ನರು ಕಂದಕಗಳನ್ನು ಇನ್ನೂ ಅಗಲಿಸಿದ್ದರಿಂದ ಟ್ಯಾಂಕುಗಳು ಕಡ್ಡಿಕಟ್ಟಿಗೆಯ ದೊಡ್ಡ ಹೊರೆಗಳನ್ನು ಹೊತ್ತು ತಂದು ಕಂದಕಕ್ಕೆ ಉರುಳಿಸಿ ಅದರ ಮೇಲೆ ದಾಟಿದವು. ಆ ಹೊರೆಗಳನ್ನು ಕಟ್ಟಿದವರಲ್ಲಿ ಫ್ರಾನ್ಸಿಗೆ ಕೂಲಿಗೆ ಬಂದಿದ್ದ ಚೀನೀಯರಿದ್ದರು. ಮೊದಲ ದಿನ ಬ್ರಿಟಿಷರು ಮೈಲಿಗಟ್ಟಲೆ ಮುಂದೆ ನುಗ್ಗಿದರು. ಗೆದ್ದ ನೆಲದ ಬಹುಪಾಲನ್ನು ಕೆಲವೇ ದಿನಗಳಲ್ಲಿ ಜರ್ಮನ್ನರು ಮರಳಿ ಪಡೆದದ್ದೂ ನಿಜ. ಆದರೂ ಯಂತ್ರ ಏನು ಮಾಡಬಲ್ಲದು ಎಂಬುದು ಆ ದಿನ ತಿಳಿಯಿತು. ಈಪ್ರ್‌ನಲ್ಲೂ ಕಾಂಬ್ರೆಯಲ್ಲೂ ಯಂತ್ರ ಹೆಚ್ಚುಕಡಿಮೆ ಒಂದೇ, ಮಣ್ಣು ಬೇರೆ.

ಈ ಜಾಣ್ಮೆಯನ್ನು ಮೆಚ್ಚುವಾಗ ಅದು ಯಾರ ಮೇಲೆ ಹರಿಯಿತು ಎಂಬುದನ್ನು ಪಕ್ಕಕ್ಕಿಡಲಾಗದು. ಕಂದಕದಲ್ಲಿದ್ದ ಜರ್ಮನ್ ಹುಡುಗರೂ ಉಕ್ಕಿನ ಪೆಟ್ಟಿಗೆಯೊಳಗೆ ಬೆಂದ ಬ್ರಿಟಿಷ್ ಹುಡುಗರೂ ಬಹುಮಟ್ಟಿಗೆ ಹೊಲ, ಗಣಿ, ಕಾರ್ಖಾನೆಗಳಿಂದ ಬಂದವರು. ಮುಳ್ಳುತಂತಿಯ ಮುಂದೆ ಕಾಲಾಳುಗಳು ಸಾಯುವುದನ್ನು ತಪ್ಪಿಸಲು ಟ್ಯಾಂಕ್ ಬೇಕು ಎಂದವರ ಮಾತಿನಲ್ಲಿ ಪ್ರಾಮಾಣಿಕತೆ ಇತ್ತು. ಅದರ ಮುಂದಿನ ತಲೆಮಾರಿನ ಟ್ಯಾಂಕುಗಳು ಊರುಗಳನ್ನೇ ಉರುಳಿಸಿದವು ಎಂಬುದೂ ಅದೇ ಕಥೆಯ ಭಾಗ.

ಯುದ್ಧ ಮುಗಿದ ಮೇಲೆ

ಟ್ರಿಟನ್ ಮುಂದೆ ‘ವಿಪೆಟ್’ ಎಂಬ 14 ಟನ್ನಿನ ಹಗುರ ಟ್ಯಾಂಕನ್ನು ರೂಪಿಸಿದರು. ಎರಡು ಎಂಜಿನ್ನುಗಳು ಎರಡು ಚೈನುಗಳನ್ನು ಬೇರೆಬೇರೆಯಾಗಿ ತಿರುಗಿಸುತ್ತಿದ್ದ ಅದು ಗಂಟೆಗೆ 13 ಕಿಲೋಮೀಟರ್ ಓಡುತ್ತಿತ್ತು. ಫಾಸ್ಟರ್ ಕಂಪನಿ ಅಂಥ 200 ಟ್ಯಾಂಕುಗಳನ್ನು ಕಟ್ಟಿತು. ವಿಲ್ಸನ್ ರೂಪಿಸಿದ ಹೊಸ ಗೇರ್ ವ್ಯವಸ್ಥೆಯಿಂದ 1918ರ ಮಾರ್ಕ್ 5 ಟ್ಯಾಂಕನ್ನು ಒಬ್ಬನೇ ಓಡಿಸುವಂತಾಯಿತು. ಆ ವಿದ್ಯೆ ಯುದ್ಧದ ನಂತರ ಬಸ್ಸುಗಳ, ಕಾರುಗಳ ಗೇರ್ ಪೆಟ್ಟಿಗೆಗಳೊಳಗೆ ಬಹುಕಾಲ ಬದುಕಿತು.

1917ರಲ್ಲಿ ಟ್ರಿಟನ್‌ಗೆ ನೈಟ್ ಪದವಿ ಬಂತು. ಟ್ಯಾಂಕ್ ಕಂಡುಹಿಡಿದವರು ಯಾರು ಎಂಬ ವಿವಾದವನ್ನು 1919ರಲ್ಲಿ ಸರ್ಕಾರದ ಆಯೋಗವೊಂದು ವಿಚಾರಿಸಿತು. ಟ್ರಿಟನ್ ಮತ್ತು ವಿಲ್ಸನ್ ಇಬ್ಬರಿಗೂ ಸೇರಿ 15,000 ಪೌಂಡ್, ಸ್ವಿಂಟನ್ ಮತ್ತು ಡೇನ್‌ಕೋರ್ಟ್‌ಗೆ ತಲಾ 1,000 ಪೌಂಡ್ ಕೊಟ್ಟಿತು. ಕಲ್ಪಿಸಿದವರಿಗಿಂತ ಕಟ್ಟಿದವರಿಗೆ ಹೆಚ್ಚು ಸಲ್ಲಬೇಕು ಎಂಬ ಆ ತೀರ್ಪು ನ್ಯಾಯವಾದದ್ದು. ರಿವೆಟ್ ಬಡಿದವರ, ಎರಕ ಹೊಯ್ದವರ ಪಾಲನ್ನು ಮಾತ್ರ ಯಾವ ಆಯೋಗವೂ ಅಳೆಯಲಿಲ್ಲ.

ಫಾಸ್ಟರ್ ಕಂಪನಿ ಮತ್ತೆ ಹೊಲದ ಕೆಲಸಕ್ಕೆ ಮರಳಿತು. ತನ್ನ ಹಬೆ ಎಂಜಿನ್ನುಗಳ ಮುಂಭಾಗದಲ್ಲಿ ಟ್ಯಾಂಕಿನ ಗುರುತನ್ನು ಕೂರಿಸಿ ಮಾರಿತು. ಆದರೆ ಹಬೆಯ ಕಾಲ ಮುಗಿಯುತ್ತಿತ್ತು, ಕೊಯ್ದು ಒಕ್ಕುವ ಎರಡೂ ಕೆಲಸವನ್ನು ಒಟ್ಟಿಗೇ ಮಾಡುವ ಯಂತ್ರಗಳು ಬರುತ್ತಿದ್ದವು. 1920ರ ದಶಕದ ಕೊನೆಯಲ್ಲಿ ಗ್ವಿನ್ಸ್ ಎಂಬ ಪಂಪು ಕಂಪನಿಯನ್ನು ಕೊಂಡು, ನೀರೆತ್ತುವ ಯಂತ್ರಗಳಿಂದ ಅದು ಬದುಕು ಕಂಡುಕೊಂಡಿತು. ಟ್ರಿಟನ್ 1946ರಲ್ಲಿ ತೀರಿಕೊಂಡರು. 1960ರ ದಶಕದ ಆರಂಭದಲ್ಲಿ ಕಂಪನಿ ಬೆಡ್‌ಫರ್ಡಿನ ಡಬ್ಲ್ಯು. ಎಚ್. ಆಲನ್ ಕಂಪನಿಯ ಕೈ ಸೇರಿತು. ಕಾರ್ಖಾನೆಯಿದ್ದ ಕಡೆಯ ರಸ್ತೆಗೆ ಇಂದು ಟ್ರಿಟನ್ ಹೆಸರಿದೆ, ಲಿಟಲ್ ವಿಲ್ಲಿ ಬೊವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿದೆ.

ಲಿಂಕನ್ ಸಂಪಾದಿಸಿದ್ದ ತಿಳುವಳಿಕೆ ಮ್ಯೂಸಿಯಮ್ಮಿನಲ್ಲಿ ನಿಂತುಹೋಗಲಿಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಸುಗ್ಗಿಯ ಹೊತ್ತಿಗೆ ಮಳೆ ಬಿದ್ದು ನೆಲ ಹದ ತಪ್ಪಿದಾಗ ಚಕ್ರದ ಕೊಯ್ಲು ಯಂತ್ರ ಗದ್ದೆಗೆ ಇಳಿಯಲಾರದು. ಆಗ ಚೈನ್ ಮೇಲೆ ನಡೆಯುವ ಕೊಯ್ಲು ಯಂತ್ರವನ್ನು ಕರೆಸುತ್ತಾರೆ. ಅದರ ಮೇಲ್ಭಾಗದಲ್ಲಿ ತೆನೆ ಉಜ್ಜುವ ಉರುಳೆ, ಜರಡಿ, ಫ್ಯಾನು, ಕೆಳಗೆ ಭಾರವನ್ನು ಹರಡುವ ಪಟ್ಟಿ. ಅದು ಟ್ಯಾಂಕಿನ ಸಂತಾನವಲ್ಲ. ಹೋಲ್ಟ್, ರಾಬರ್ಟ್ಸ್ ಅವರಂಥವರು ಹೊಲಕ್ಕೆಂದೇ ಮಾಡಿದ ಚೈನಿನ ಸಾಲಿಗೆ ಸೇರಿದ್ದು. ಆದರೂ ಫಾಸ್ಟರ್ ಕಾರ್ಖಾನೆಯಲ್ಲಿ ಬೇರೆಬೇರೆಯಾಗಿ ನಡೆದ ಎರಡು ಕೆಲಸಗಳು, ಕಾಳು ಬಿಡಿಸುವುದೂ ಕೆಸರಿನ ಮೇಲೆ ಭಾರ ನಡೆಸುವುದೂ, ಇದರಲ್ಲಿ ಒಂದಾಗಿವೆ.

ಮಣ್ಣಿನ ಮೇಲೆ ತೂಕ ಹೇಗೆ ನಿಲ್ಲುತ್ತದೆ ಎಂಬ ಅರಿವಿಗೆ ತನ್ನದೇ ಆದ ಗುರಿಯಿಲ್ಲ. 1913ರಲ್ಲಿ ಅದನ್ನು ಕೇಳಿಬಂದವರು ಗೋಧಿ ಬೆಳೆಗಾರರು, 1915ರಲ್ಲಿ ಕೇಳಿಬಂದವರು ನೌಕಾಖಾತೆಯವರು. ಎರಡು ಬಾರಿಯೂ ಅದೇ ಕೈಗಳು ಅಷ್ಟೇ ಶ್ರದ್ಧೆಯಿಂದ ಕೆಲಸ ಮಾಡಿಕೊಟ್ಟವು. ಆದ್ದರಿಂದ ಒಂದು ಸಮಾಜ ತನ್ನ ಎಂಜಿನಿಯರುಗಳ ಜಾಣ್ಮೆಯನ್ನು ಹೊಗಳುವುದಕ್ಕಷ್ಟೇ ನಿಲ್ಲಬಾರದು. ಅವರಿಂದ ತಾನು ಏನನ್ನು ಮಾಡಿಸಿಕೊಳ್ಳುತ್ತಿದೆ ಎಂಬುದರ ಹೊಣೆಯನ್ನೂ ಹೊರಬೇಕು. ರಾಬರ್ಟ್ಸ್ ಅವರ ಚೈನು ಹೊಲಕ್ಕೆ ಸಿದ್ಧವಾಗಿದ್ದಾಗ ಕೊಳ್ಳುವವರು ಸಿಗಲಿಲ್ಲ, ಯುದ್ಧಕ್ಕೆ ಬೇಕೆನಿಸಿದಾಗ ಹಣ ವಾರಗಳಲ್ಲಿ ಹರಿದುಬಂತು. ಆ ವ್ಯತ್ಯಾಸಕ್ಕೆ ಕಾರಣ ತಂತ್ರಜ್ಞಾನದಲ್ಲಿಲ್ಲ. ಅದು ನಾವು ಯಾವುದಕ್ಕೆ ಅವಸರಪಡುತ್ತೇವೆ ಎಂಬುದರಲ್ಲಿದೆ.